ಬಾರ್ ಚಾರ್ಟ್ ಅಂದವಾಗಲಿ, ಅಳತೆ ತಪ್ಪದಿರಲಿ



ಉಟ್ಕೂರ್, ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆಯ ಸದಸ್ಯರಿಗೆ ಮನವಿ ಪತ್ರ ಬರೆಯುವುದು ಹೊಸದಲ್ಲ. ಕನ್ನಡ ಮಾಧ್ಯಮ ಶಾಲೆಗೆ ಶಿಕ್ಷಕರು ಬೇಕು, ಪಠ್ಯಪುಸ್ತಕ ಸಮಯಕ್ಕೆ ಬರಬೇಕು ಎಂದು ಕೇಳುತ್ತಲೇ ಇರಬೇಕಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಮಾತಿನ ಜೊತೆಗೆ ಅಂಕಿಗಳನ್ನೂ ಇಟ್ಟರೆ ಮನವಿಗೆ ತೂಕ ಬರುತ್ತದೆ. ಅಧಿಕಾರಿಗಳ ಮೇಜಿನ ಮೇಲೆ ನಮ್ಮ ಕಾಗದಕ್ಕೆ ಸಿಗುವುದು ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ಬಾರ್ ಚಾರ್ಟ್, ಅಂದರೆ ಶಾಲೆಯಲ್ಲಿ ಕಲಿತ ಸ್ತಂಭಾಲೇಖ.

ಕಂಪ್ಯೂಟರ್ ತಾನಾಗಿ ಕೊಡುವ ಚಾರ್ಟನ್ನು ಹಾಗೆಯೇ ಬಳಸಬೇಕಿಲ್ಲ. ಅದನ್ನು ತಿದ್ದುವುದು ಹೇಗೆ, ತಿದ್ದುವಾಗ ಏನನ್ನು ಕೆಡಿಸಬಾರದು ಎಂಬುದನ್ನು ಇಲ್ಲಿ ನೋಡೋಣ.

ಅಭ್ಯಾಸಕ್ಕೆ ನಮ್ಮದೇ ಅಂಕಿಗಳು

2011ರ ಜನಗಣತಿಯ ಪ್ರಕಾರ ನಮ್ಮ ಸುತ್ತಲಿನ ಜಿಲ್ಲೆಗಳ ಸಾಕ್ಷರತೆ ಶೇಕಡಾವಾರು ಹೀಗಿದೆ. ಏಳು ವರ್ಷ ಮತ್ತು ಮೇಲ್ಪಟ್ಟವರ ಲೆಕ್ಕವಿದು. ಆಗ ನಮ್ಮ ನಾಲ್ಕೂ ಊರುಗಳು ಮಹಬೂಬ್‌ನಗರ ಜಿಲ್ಲೆಯಲ್ಲೇ ಇದ್ದವು. ಗದ್ವಾಲ್ ಜಿಲ್ಲೆ 2016ರಲ್ಲಿ, ನಾರಾಯಣಪೇಟೆ ಜಿಲ್ಲೆ 2019ರಲ್ಲಿ ಬೇರೆಯಾದವು.

- ಯಾದಗಿರಿ: 51.83
- ಮಹಬೂಬ್‌ನಗರ: 55.04
- ರಾಯಚೂರು: 59.56
- ಕರ್ನೂಲು: 59.97
- ಕಲಬುರಗಿ: 64.85

ಎಕ್ಸೆಲ್‌ನಲ್ಲಿ ಹೆಸರುಗಳನ್ನು ಒಂದು ಕಾಲಮ್ಮಿನಲ್ಲಿ, ಅಂಕಿಗಳನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ಎರಡನ್ನೂ ಆಯ್ಕೆ ಮಾಡಿ 'ಇನ್ಸರ್ಟ್' ಮೆನುವಿನಿಂದ ಚಾರ್ಟ್ ಸೇರಿಸಿ. ನಿಂತ ಕಂಬಕ್ಕೆ ಎಕ್ಸೆಲ್ 'ಕಾಲಮ್' ಎನ್ನುತ್ತದೆ, ಮಲಗಿದ ಕಂಬಕ್ಕೆ 'ಬಾರ್' ಎನ್ನುತ್ತದೆ. ಊರು, ಜಿಲ್ಲೆಗಳ ಹೆಸರು ಉದ್ದವಿದ್ದರೆ ಮಲಗಿದ ಕಂಬವೇ ಲೇಸು, ಹೆಸರುಗಳು ಓರೆಯಾಗಿ ತಿರುಗುವುದಿಲ್ಲ. ಆದರೆ ಇದರಲ್ಲಿ ಹಾಳೆಯ ಮೊದಲ ಸಾಲು ಚಾರ್ಟಿನ ತಳಕ್ಕೆ ಹೋಗುತ್ತದೆ. ಮೇಲಿನಂತೆ ಚಿಕ್ಕದರಿಂದ ದೊಡ್ಡದಕ್ಕೆ ಬರೆದಿದ್ದರೆ ದೊಡ್ಡ ಕಂಬ ತಾನೇ ತುದಿಗೆ ಬರುತ್ತದೆ.

ಮೊದಲು ಅಕ್ಷ, ಆಮೇಲೆ ಅಲಂಕಾರ

ಬಾರ್ ಚಾರ್ಟಿನಲ್ಲಿ ಓದುವವರು ಹೋಲಿಸುವುದು ಕಂಬದ ಉದ್ದವನ್ನು. ಆದ್ದರಿಂದ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. ಅದನ್ನು 50ರಿಂದ ಶುರು ಮಾಡಿದರೆ ಏನಾಗುತ್ತದೆ ನೋಡಿ. ಯಾದಗಿರಿಯ ಕಂಬಕ್ಕೆ ಉಳಿಯುವುದು 1.83, ಕಲಬುರಗಿಗೆ 14.85. ಒಂದು ಇನ್ನೊಂದರ ಎಂಟು ಪಟ್ಟು ಕಾಣುತ್ತದೆ. ನಿಜವಾದ ವ್ಯತ್ಯಾಸ ಕಾಲು ಭಾಗದಷ್ಟು ಮಾತ್ರ.

ಇದನ್ನು ಯಾರೋ ಬೇಕೆಂದೇ ಮಾಡಬೇಕಿಲ್ಲ. ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದಾಗ ಎಕ್ಸೆಲ್ ತಾನಾಗಿಯೇ ಸೊನ್ನೆಯನ್ನು ಬಿಟ್ಟುಬಿಡುತ್ತದೆ. ರಾಯಚೂರು, ಕರ್ನೂಲು ಎರಡನ್ನೇ ಹಾಕಿ ನೋಡಿ. ಅರ್ಧ ಶೇಕಡಾ ಕೂಡ ಇಲ್ಲದ ವ್ಯತ್ಯಾಸ ದೊಡ್ಡ ಅಂತರದಂತೆ ತೋರುತ್ತದೆ. ಸರಿಪಡಿಸಲು ಅಕ್ಷದ ಅಂಕಿಗಳ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಕೀಲಿಯ ಜೊತೆ 1 ಒತ್ತಿ. ಬಲಗಡೆ ತೆರೆಯುವ 'ಆಕ್ಸಿಸ್ ಆಪ್ಷನ್ಸ್' ನಲ್ಲಿ 'ಮಿನಿಮಮ್' ಜಾಗಕ್ಕೆ 0 ಬರೆಯಿರಿ. ಗೂಗಲ್ ಶೀಟ್ಸ್‌ನಲ್ಲಿ ಚಾರ್ಟಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ 'ಕಸ್ಟಮೈಸ್' ಒಳಗೆ ಅಕ್ಷದ ಭಾಗ ತೆರೆದರೆ ಇದೇ ಸಿಗುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಅಕ್ಷದ 'ಸ್ಕೇಲ್' ಭಾಗದಲ್ಲಿದೆ.

3ಡಿ ಚಾರ್ಟಿನ ಗೊಡವೆಯೂ ಬೇಡ. ಕಂಬದ ತುದಿ ಯಾವ ಗೆರೆಗೆ ಮುಟ್ಟಿದೆ ಎಂದೇ ಅದರಲ್ಲಿ ತಿಳಿಯುವುದಿಲ್ಲ.

ಅಗಲ, ಬಣ್ಣ, ಅಂಕಿ

ಕಂಬಗಳು ತೀರ ಸಣಕಲಾಗಿ ಕಂಡರೆ ಯಾವುದಾದರೂ ಒಂದರ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು 1 ಒತ್ತಿ. 'ಗ್ಯಾಪ್ ವಿಡ್ತ್' ಎಂಬುದು ಕಂಬಗಳ ನಡುವಿನ ಸಂದಿ. ಅದನ್ನು 50 ರಿಂದ 80 ಶೇಕಡಾಕ್ಕೆ ಇಳಿಸಿದರೆ ಕಂಬಗಳು ತುಂಬಿಕೊಳ್ಳುತ್ತವೆ. ಕ್ಯಾಲ್ಕ್‌ನಲ್ಲಿ ಇದಕ್ಕೆ 'ಸ್ಪೇಸಿಂಗ್' ಎಂದು ಹೆಸರು.

ಬಣ್ಣದಲ್ಲಿ ಕೈ ಬಿಗಿ ಹಿಡಿಯಿರಿ. ಎಲ್ಲ ಕಂಬಗಳೂ ತಿಳಿ ಬೂದು ಇರಲಿ, ನಾವು ಮಾತಾಡುತ್ತಿರುವ ಮಹಬೂಬ್‌ನಗರ ಮಾತ್ರ ಗಾಢ ಬಣ್ಣದಲ್ಲಿರಲಿ. ಒಮ್ಮೆ ಕ್ಲಿಕ್ ಮಾಡಿದರೆ ಎಲ್ಲ ಕಂಬಗಳೂ ಆಯ್ಕೆಯಾಗುತ್ತವೆ. ಸ್ವಲ್ಪ ತಡೆದು ಅದೇ ಕಂಬದ ಮೇಲೆ ಇನ್ನೊಮ್ಮೆ ಕ್ಲಿಕ್ ಮಾಡಿದರೆ ಅದೊಂದೇ ಆಯ್ಕೆಯಾಗುತ್ತದೆ. ಆಗ 'ಫಿಲ್' ನಲ್ಲಿ ಬಣ್ಣ ಕೊಡಿ. ಕನ್ನಡದ ಅಭಿಮಾನಕ್ಕೆ ಹಳದಿ, ಕೆಂಪು ಹಾಕಬೇಕೆನಿಸುವುದು ಸಹಜ. ಆದರೆ ಮನವಿ ಜೆರಾಕ್ಸ್ ಆಗಿ ಮೇಜಿನಿಂದ ಮೇಜಿಗೆ ಹೋಗುತ್ತದೆ. ಕಪ್ಪು ಬಿಳುಪಿನಲ್ಲಿ ಹಳದಿ ಮಾಯವಾಗುತ್ತದೆ. ಕೆಂಪು, ಹಸಿರು ಎರಡೂ ಒಂದೇ ಬೂದಾಗುತ್ತವೆ.

ಕಂಬದ ತುದಿಯಲ್ಲಿ ಅಂಕಿ ಬರಲು ಚಾರ್ಟಿನ ಬಲಕ್ಕೆ ಕಾಣುವ ಕೂಡು ಚಿಹ್ನೆ ಒತ್ತಿ 'ಡೇಟಾ ಲೇಬಲ್ಸ್' ಗುರುತಿಸಿ. ಅಂಕಿ ಬಂದ ಮೇಲೆ ಹಿಂದಿನ ಅಡ್ಡಗೆರೆ, ಉದ್ದಗೆರೆಗಳ ಅಗತ್ಯವಿಲ್ಲ. ಅವುಗಳ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿ. ಒಂದೇ ಬಗೆಯ ಅಂಕಿ ಇದ್ದಾಗ 'ಲೆಜೆಂಡ್' ಕೂಡ ಬೇಡ.

ಕನ್ನಡ ಅಕ್ಷರ, ತೆಲುಗು ಅಕ್ಷರ

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಹಾಳೆಯಲ್ಲಿ ಸರಿಯಾಗಿದ್ದರೂ ಚಾರ್ಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು, ಏಕೆಂದರೆ ಚಾರ್ಟಿನ ಫಾಂಟ್ ಬೇರೆ ಇರುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟರೆ ಈ ತೊಂದರೆ ಇಲ್ಲ.

ಇನ್ನೊಂದು ಮಾತು. ನಮ್ಮ ಮನವಿ ಓದುವ ಅಧಿಕಾರಿಗಳಿಗೆ ಕನ್ನಡ ಬಾರದಿರಬಹುದು. ಚಾರ್ಟಿನ ಹೆಸರುಗಳು ಹಾಳೆಯ ಸೆಲ್‌ಗಳಿಂದಲೇ ಬರುತ್ತವೆ. ಫೈಲಿನ ಒಂದು ಪ್ರತಿ ಮಾಡಿ, ಆ ಸೆಲ್‌ಗಳಲ್ಲಿ ತೆಲುಗಿನಲ್ಲಿ ಹೆಸರು ಬರೆದರೆ ಸಾಕು, ಅದೇ ಚಾರ್ಟ್ ತೆಲುಗಿನಲ್ಲಿ ಸಿದ್ಧ. ಶೀರ್ಷಿಕೆಯೂ ಹೀಗೆ ಬದಲಾಗಬೇಕಾದರೆ ಶೀರ್ಷಿಕೆಯನ್ನು ಆಯ್ಕೆ ಮಾಡಿ, ಮೇಲಿನ ಫಾರ್ಮುಲಾ ಜಾಗದಲ್ಲಿ ಸಮ ಚಿಹ್ನೆ ಒತ್ತಿ, ಶೀರ್ಷಿಕೆ ಬರೆದ ಸೆಲ್ ಮೇಲೆ ಕ್ಲಿಕ್ ಮಾಡಿ ಎಂಟರ್ ಒತ್ತಿ.

ನಿಮ್ಮ ಊರಿನ ಶಾಲೆಯ ಚಾರ್ಟ್

ಈಗ ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಕಳೆದ ಐದು ವರ್ಷಗಳ ಮಕ್ಕಳ ಸಂಖ್ಯೆ ಪಡೆಯಿರಿ. ವರ್ಷಗಳ ಚಾರ್ಟಿಗೆ ನಿಂತ ಕಂಬ ಒಳ್ಳೆಯದು. ಇಲ್ಲಿ ದೊಡ್ಡದು ಚಿಕ್ಕದೆಂದು ಜೋಡಿಸಬೇಡಿ, ವರ್ಷದ ಕ್ರಮವೇ ಇರಲಿ. ವರ್ಷಗಳ ಕಾಲಮ್ಮಿನ ತಲೆಬರಹದ ಸೆಲ್ ಖಾಲಿ ಬಿಡಿ, ಇಲ್ಲದಿದ್ದರೆ ಎಕ್ಸೆಲ್ 2021, 2022 ಎಂಬುದನ್ನೂ ಎಣಿಕೆಯೆಂದು ತಿಳಿದು ಅದಕ್ಕೂ ಕಂಬ ನಿಲ್ಲಿಸಬಹುದು.

ಮಕ್ಕಳ ಸಂಖ್ಯೆ ಇಳಿದಿದ್ದರೆ ಇಳಿದಂತೆಯೇ ತೋರಿಸಿ. ಶಿಕ್ಷಕರ ಹುದ್ದೆ ಎಂದಿನಿಂದ ಖಾಲಿಯಿದೆ ಎಂಬುದನ್ನು ಶೀರ್ಷಿಕೆಯ ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ. ಅಂಕಿ ಎಲ್ಲಿಂದ ಬಂತು, ಯಾವ ವರ್ಷದ್ದು ಎಂಬುದೂ ಚಾರ್ಟಿನ ಅಡಿಯಲ್ಲೇ ಇರಲಿ. ಇಲಾಖೆಯ ಬಳಿಯೂ ಅದೇ ದಾಖಲಾತಿ ಇರುತ್ತದೆ. ನಮ್ಮ ಕಂಬ ಅವರ ಲೆಕ್ಕಕ್ಕೆ ತಾಳೆಯಾದರೆ ಉಳಿದ ಮಾತನ್ನೂ ನಂಬುತ್ತಾರೆ. ಒಂದು ಕಂಬ ಸುಳ್ಳು ಹೇಳಿದೆ ಎಂದು ಕಂಡರೆ ಇಡೀ ಮನವಿ ಪಕ್ಕಕ್ಕೆ ಸರಿಯುತ್ತದೆ, ನಷ್ಟ ಮಕ್ಕಳಿಗೆ.

ಒಮ್ಮೆ ಚೆನ್ನಾಗಿ ತಿದ್ದಿದ ಚಾರ್ಟಿನ ಮೇಲೆ ಬಲ ಕ್ಲಿಕ್ ಮಾಡಿ 'ಸೇವ್ ಆಸ್ ಟೆಂಪ್ಲೇಟ್' ಒತ್ತಿ ಇಟ್ಟುಕೊಳ್ಳಿ. ಮುಂದಿನ ವರ್ಷ ಹೊಸ ಅಂಕಿಗೆ ಅದೇ ರೂಪ ಕೊಡಬಹುದು, ಪಕ್ಕದ ಊರಿನ ಶಾಲೆಗೂ ಆ ಫೈಲ್ ಕಳಿಸಬಹುದು. ಎಲ್ಲ ಊರುಗಳ ಚಾರ್ಟುಗಳು ಒಂದೇ ಅಳತೆಯಲ್ಲಿದ್ದರೆ ಅಕ್ಕಪಕ್ಕ ಇಟ್ಟು ಹೋಲಿಸುವುದೂ ಸುಲಭ.