ಗುಂಯ್‌ಗುಟ್ಟುವ ವಾಲ್ವು ಪೆಟ್ಟಿಗೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿದ್ಯುತ್ತಿನ ವಿಷಯವಾಗಿ ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ನಮ್ಮದು ಕಲಾ ಕಾಲೇಜಾದುದರಿಂದ ನನ್ನನ್ನು ತಿದ್ದಬಲ್ಲ ವಿಜ್ಞಾನದ ಮಿತ್ರರು ಇಲ್ಲಿಲ್ಲವೆಂಬುದೇ ನನ್ನ ಧೈರ್ಯ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅದಕ್ಕೆ ಬೇಕಾದ ಶುಲ್ಕ ಹುಟ್ಟುವುದು ಸೋದರಮಾವನ ರಿಪೇರಿ ಅಂಗಡಿಯಲ್ಲಿ ಸಂಜೆಯ ಹೊತ್ತು ಮಾಡುವ ಕೆಲಸದಿಂದ. ಅಲ್ಲಿ ಕಲಿತದ್ದರಲ್ಲಿ ಒಂದಿಷ್ಟನ್ನು ವಾಚಕರ ಮುಂದಿಡುತ್ತೇನೆ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ಗಾಜಿನ ವಾಲ್ವುಗಳು ರೇಡಿಯೋಗಳಿಂದ ಮೆಲ್ಲಮೆಲ್ಲನೆ ಕಾಲು ತೆಗೆದವು. ವಿದ್ಯುತ್ ಗಿಟಾರು ನುಡಿಸುವವರು ಮಾತ್ರ ಅವನ್ನು ಬಿಟ್ಟುಕೊಡಲಿಲ್ಲ. ಜೋರಾಗಿ ಮೀಟಿದಾಗ ವಾಲ್ವಿನಲ್ಲಿ ನಾದ ಹದವಾಗಿ ಒಡೆಯುತ್ತದೆ. ಆ ಒಡಕೇ ಅವರಿಗೆ ಇಂಪು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಫೆಂಡರ್ ಕಂಪನಿಯವರು ಮಾಡುತ್ತಿದ್ದ ‘ಚಾಂಪ್’ ಎಂಬ ಸಣ್ಣ ಪೆಟ್ಟಿಗೆಯಲ್ಲಿ ಮೂರೇ ವಾಲ್ವುಗಳು. 5ವೈ3 ಎಂಬುದು ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿಸುತ್ತದೆ. 12ಎಎಕ್ಸ್7 ಗಿಟಾರಿನ ಕ್ಷೀಣ ಧ್ವನಿಯನ್ನು ಎರಡು ಹಂತಗಳಲ್ಲಿ ಹಿಗ್ಗಿಸುತ್ತದೆ. 6ವಿ6 ಸ್ಪೀಕರನ್ನು ನಡೆಸುತ್ತದೆ. ಶಕ್ತಿ ಸುಮಾರು 5 ವಾಟ್. ಇದೇ ನಕ್ಷೆಯಂತೆ ಯಾರೋ ಕೈಯಿಂದ ಕಟ್ಟಿದ ಪೆಟ್ಟಿಗೆಯೊಂದನ್ನು, ಮದುವೆ ಮನೆಗಳಲ್ಲಿ ವಾದ್ಯಗೋಷ್ಠಿ ನಡೆಸುವ ಒಬ್ಬರು ನಮ್ಮ ಅಂಗಡಿಗೆ ತಂದರು. ಗುಂಯ್ ಎಂಬ ಸದ್ದಿನಲ್ಲಿ ಗಿಟಾರೇ ಮುಳುಗಿಹೋಗುತ್ತಿತ್ತು. “ಟ್ರಾನ್ಸ್‌ಫಾರ್ಮರ್ ಹೋಗಿದೆ, ಗುಜರಿಗೆ ಹಾಕಿ” ಎಂದು ಬೇರೆ ಕಡೆ ಹೇಳಿದ್ದರಂತೆ. ಲಗ್ನದ ಕಾಲ ಎದುರಿಗಿತ್ತು. ಅವರ ಸಂಸಾರ ನಡೆಯುವುದು ಆ ಎರಡು ತಿಂಗಳ ಸಂಪಾದನೆಯಲ್ಲಿ.

ಮುಚ್ಚಳ ತೆಗೆಯುವ ಮೊದಲು ಒಂದು ಮಾತು. ಇದರೊಳಗೆ 300 ವೋಲ್ಟಿಗೂ ಮೇಲ್ಪಟ್ಟ ಏಕಮುಖ ವಿದ್ಯುತ್ತು ಇರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಶೋಧಕ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಸತ್ತಂತೆ ಬಿದ್ದಿರುವ ಹಾವಿನಂತೆ. ಆದಕಾರಣ 10 ಸಾವಿರ ಓಮಿನ, 5 ವಾಟಿನ ರೋಧಕವೊಂದನ್ನು ಅವಾಹಕ ಹಿಡಿಯಿರುವ ತಂತಿಗೆ ಕಟ್ಟಿ, ಅದರ ಮೂಲಕ ವಿದ್ಯುತ್ತನ್ನು ಚಾಸಿಗೆ ಹರಿಯಬಿಟ್ಟು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈಯಿಡತಕ್ಕದ್ದು. ಈ ಕೆಲಸವನ್ನು ಬಲ್ಲವರ ಪಕ್ಕದಲ್ಲಿ ನಿಂತಲ್ಲದೆ ಯಾರೂ ಕಲಿಯಬಾರದು.

ಪೆಟ್ಟಿಗೆ ಜೀವವಿಲ್ಲದೆ ಬಂದರೆ ಹುಡುಕುವ ದಾರಿ ನೇರವಾದುದು: ಪ್ಲಗ್ಗು, ತಂತಿ, ಫ್ಯೂಸು, ಸ್ವಿಚ್ಚು. ಹೊಸ ಫ್ಯೂಸೂ ಸುಟ್ಟರೆ ದಪ್ಪ ಫ್ಯೂಸು ಹಾಕುವ ಜಾಣತನ ಬೇಡ; ಆಗ ಟ್ರಾನ್ಸ್‌ಫಾರ್ಮರೇ ಫ್ಯೂಸಾಗುತ್ತದೆ. ಮಾವನ ಉಪಾಯ ಹಳೆಯ 60 ವಾಟಿನ ತಂತಿದೀಪ. ಅದನ್ನು ಪೆಟ್ಟಿಗೆಯೊಡನೆ ಸರಣಿಯಲ್ಲಿ ಜೋಡಿಸಿದರೆ, ಒಳಗೆ ಎಲ್ಲ ಸರಿಯಿದ್ದಾಗ ದೀಪ ಒಮ್ಮೆ ಮಿಂಚಿ ಮಂಕಾಗುತ್ತದೆ. ಪ್ರಖರವಾಗಿಯೇ ಉರಿದರೆ ಒಳಗೆ ಶಾರ್ಟ್ ಆಗಿದೆ. ಆಗ 5ವೈ3ಯನ್ನು ತೆಗೆದು ನೋಡಬೇಕು. ದೀಪ ಮಂಕಾದರೆ ದೋಷ ಆ ವಾಲ್ವಿನಲ್ಲಿ ಅಥವಾ ಅದರ ಮುಂದೆ. ಎಲ್ಲ ವಾಲ್ವುಗಳನ್ನು ತೆಗೆದರೂ ಪ್ರಖರವಾಗಿದ್ದರೆ ಮಾತ್ರ ಟ್ರಾನ್ಸ್‌ಫಾರ್ಮರನ್ನೂ ಅದರ ತಂತಿಗಳನ್ನೂ ಶಂಕಿಸಬೇಕು. ನಮ್ಮ ಪೆಟ್ಟಿಗೆಯ ದೀಪ ಮಂಕಾಯಿತು. “ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತಿತ್ತು ಕಣೋ” ಎಂದರು ಮಾವ.

ಇನ್ನು ಗುಂಯ್ ಸದ್ದು. ಇದರಲ್ಲಿ ಎರಡು ಶ್ರುತಿಗಳಿವೆಯೆಂಬುದು ನನಗೆ ಬಹಳ ಸೊಗಸಾಗಿ ಕಂಡ ವಿಷಯ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವೃತ್ತಿ ಆಂದೋಳಿಸುತ್ತದೆ. 5ವೈ3 ಅದರ ಎರಡೂ ಅರ್ಧಗಳನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಅಲ್ಲಿಂದ ಮುಂದೆ ಹೊರಡುವ ಏರಿಳಿತ 100. ಎಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿನಲ್ಲಿ ಒತ್ತಿ ಮೀಟಿದರೆ 98 ಬರುತ್ತದೆ. ಗುಂಯ್ ಸದ್ದು ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಶೋಧಕ ಕೆಪಾಸಿಟರುಗಳ ಮೇಲೆ ಅನುಮಾನ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ ಗಿಟಾರಿನ ತಂತಿ, ವಾಲ್ವಿನ ಹೀಟರು, ಸಡಿಲವಾದ ಚಾಸಿ ಜೋಡಣೆ ಇವುಗಳ ಮೇಲೆ. (ಅಮೆರಿಕದ ಪುಸ್ತಕಗಳಲ್ಲಿ 60, 120 ಎಂದಿರುತ್ತದೆ, ಅಲ್ಲಿನ ವಿದ್ಯುತ್ತೇ ಹಾಗೆ.)

ಶ್ರುತಿ ತಿಳಿದ ಮೇಲೆ ಸ್ಥಳ ತಿಳಿಯಬೇಕು. ಗಿಟಾರಿನ ತಂತಿಯನ್ನು ಕಿತ್ತೊಡನೆ ಸದ್ದು ನಿಂತರೆ ಪೆಟ್ಟಿಗೆ ನಿರಪರಾಧಿ. ವಾಲ್ಯೂಮ್ ಗುಂಡಿಯೊಡನೆ ಏರಿಳಿದರೆ ದೋಷ ಗುಂಡಿಗಿಂತ ಹಿಂದೆ, ಬದಲಾಗದಿದ್ದರೆ ಮುಂದೆ. ನಮ್ಮದು ಬದಲಾಗಲಿಲ್ಲ. ಸ್ವಿಚ್ಚು ಆರಿಸಿ, 12ಎಎಕ್ಸ್7ನ್ನು ತೆಗೆದು ಮತ್ತೆ ಹಾಕಿದರೂ ಸದ್ದು ಹಾಗೆಯೇ, ಶ್ರುತಿ ನೂರರದು. ಅಲ್ಲಿಗೆ ಉಳಿದದ್ದು ಶೋಧಕವೊಂದೇ. 16 ಮೈಕ್ರೋಫ್ಯಾರಡಿನ ಮೊದಲ ಕೆಪಾಸಿಟರು ಕಾವಿಗೆ ಒಣಗಿ ಬುಡದಲ್ಲಿ ಉಬ್ಬಿಕೊಂಡಿತ್ತು. ಅದು ಕೆರೆಯ ತೂಬಿನಂತೆ. ಕೆರೆ ಹೂಳು ತುಂಬಿದರೆ ಹೊಳೆಯ ಏರಿಳಿತವೆಲ್ಲ ಕಾಲುವೆಗೂ ಬರುತ್ತದೆ. ಬದಲಿಗೆ ಹಾಕುವುದು 500 ವೋಲ್ಟಿನದಿರಬೇಕು. ಏಕೆಂದರೆ 5ವೈ3 ಬೇಗ ಕಾಯುತ್ತದೆ, ಉಳಿದವು ಕಾಯುವ ತನಕ ಒತ್ತಡ 400ನ್ನು ದಾಟಬಹುದು. ತೀರ ದೊಡ್ಡದನ್ನು ಹಾಕಿದರೆ 5ವೈ3ಗೆ ಹೊರೆ. ಬದಲಿಸಿದ ಮೇಲೆ 6ವಿ6ರ ಕ್ಯಾಥೋಡಿನಲ್ಲಿ 19 ವೋಲ್ಟ್ ಕಂಡಿತು. ಅಲ್ಲಿರುವ ರೋಧಕ 470 ಓಮ್. ಭಾಗಿಸಿದರೆ 40 ಮಿಲಿಆಂಪಿಯರ್. ವಾಲ್ವು ಆರೋಗ್ಯವಾಗಿದೆಯೆಂದು ಅರ್ಥ.

ಚಟಪಟ ಸದ್ದಿನ ವಿಷಯ ಚಿಕ್ಕದು. ಒಣ ಬಿದಿರು ಕಡ್ಡಿಯಿಂದ ವಾಲ್ವುಗಳನ್ನು ಒಂದೊಂದಾಗಿ ತಟ್ಟಿದರೆ ತಪ್ಪಿತಸ್ಥನೇ ಕೂಗುತ್ತಾನೆ. ಗುಂಡಿ ತಿರುಗಿಸುವಾಗ ಕರಕರ ಎಂದರೆ ಧೂಳು. ಬಾಣಲೆಯಲ್ಲಿ ಎಣ್ಣೆ ಸಿಡಿದಂತೆ ಸದಾ ಕೇಳಿದರೆ ಹಳೆಯ ಇಂಗಾಲದ ರೋಧಕ.

ಮಾವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಆ ಪೆಟ್ಟಿಗೆಯ ತಂತಿಗೆ ಎರಡೇ ಮುಳ್ಳು, ಭೂಮಿಯ ಸಂಪರ್ಕವಿರಲಿಲ್ಲ. ಸದ್ದು ಕಡಿಮೆಯಾಗಲೆಂದು ಮೂರನೆಯ ಮುಳ್ಳನ್ನು ಬೇಕೆಂದೇ ಕೀಳುವವರೂ ಉಂಟು. ಒಳಗೆ ಒಂದು ತಂತಿ ಚಾಸಿಗೆ ತಗಲಿದರೆ ಗಿಟಾರಿನ ತಂತಿಗಳಿಗೂ 230 ವೋಲ್ಟ್ ಬರುತ್ತದೆ. ನುಡಿಸುವವನು ಮೈಕನ್ನು ಮುಟ್ಟಿದರೆ ಅವನ ದೇಹವೇ ದಾರಿ. 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವೆ ಎಂಬ ಸ್ಕಾಟ್ಲೆಂಡಿನ ಗಿಟಾರುವಾದಕ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡನು. “ಇದಕ್ಕೆ ದುಡ್ಡು ಬೇಡ ಸ್ವಾಮಿ, ಆದರೆ ಇದಿಲ್ಲದೆ ಪೆಟ್ಟಿಗೆ ಕೊಡೋದಿಲ್ಲ” ಎಂದು ಮಾವ ಮೂರು ಮುಳ್ಳಿನ ತಂತಿ ಹಾಕಿ, ಹಸಿರು ಎಳೆಯನ್ನು ಚಾಸಿಗೆ ಬಿಗಿದರು.

ಸ್ಪೀಕರಿಗೆ ಕಿವಿಯಿಟ್ಟರೆ ಅದರಲ್ಲಿ ಈಗಲೂ ಸಣ್ಣ ಗುಂಯ್ ಇದೆ. ಎರಡು ಶಕ್ತಿವಾಲ್ವುಗಳು ಎದುರುಬದುರಾಗಿ ದುಡಿಯುವ ದೊಡ್ಡ ಪೆಟ್ಟಿಗೆಗಳಲ್ಲಿ ಈ ಏರಿಳಿತ ಪರಸ್ಪರ ವಜಾ ಆಗುತ್ತದೆ. ಒಂದೇ 6ವಿ6 ಇರುವಲ್ಲಿ ಅಷ್ಟು ಉಳಿಯತಕ್ಕದ್ದೇ.