ಒಂದು ದ್ವೀಪ, ಐವತ್ತು ಪಂಪ್‌ಸೆಟ್

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿ ಐಗ್ ಎಂಬ ದ್ವೀಪವಿದೆ. ಜನ ನೂರರ ಆಸುಪಾಸು. ಹೊರಗಿನ ವಿದ್ಯುತ್ ಜಾಲ ಅಲ್ಲಿಗೆ ಮುಟ್ಟಿಲ್ಲ. ಮೊದಲೆಲ್ಲ ಮನೆಮನೆಯ ಡೀಸೆಲ್ ಜನರೇಟರುಗಳೇ ಗತಿ. 2008ರ ಫೆಬ್ರವರಿಯಲ್ಲಿ ತೊರೆ, ಗಾಳಿ, ಬಿಸಿಲು ಮೂರನ್ನೂ ಕೂಡಿಸಿ ಊರವರೇ ತಮ್ಮದೊಂದು ಮೈಕ್ರೋಗ್ರಿಡ್ ಶುರುಮಾಡಿದರು. ಅದರ ಒಟ್ಟು ಸಾಮರ್ಥ್ಯ ಸುಮಾರು 180 ಕಿಲೊವ್ಯಾಟ್.

ನಮ್ಮ ಹೊಲದ 5 ಎಚ್‌ಪಿ ಮೋಟಾರು ಎಂದರೆ 3.7 ಕಿಲೊವ್ಯಾಟ್. ಐವತ್ತು ಮೋಟಾರು ಒಟ್ಟಿಗೆ ಹಾಕಿದರೆ ಇಡೀ ದ್ವೀಪದ ಕರೆಂಟು ಖಾಲಿ!

ಅಷ್ಟೇ ಕರೆಂಟಿನಲ್ಲಿ ದ್ವೀಪದವರು ಬದುಕು ನಡೆಸುತ್ತಿರುವುದು ಬಳಕೆಯನ್ನೂ ಯೋಜನೆಯೊಳಗೆ ಸೇರಿಸಿಕೊಂಡದ್ದರಿಂದ. ಮನೆಗೆ ಒಂದೇ ಸಲಕ್ಕೆ 5 ಕಿಲೊವ್ಯಾಟ್ ಮಿತಿ, ವ್ಯಾಪಾರದವರಿಗೆ 10. ಮೀರಿದರೆ ಕರೆಂಟು ಹೋಗುತ್ತದೆ, ಮತ್ತೆ ಹಾಕಿಸಿಕೊಳ್ಳಲು ದಂಡ ಕಟ್ಟಬೇಕು. ಮಳೆ ಗಾಳಿ ಜೋರಾಗಿ ಉತ್ಪಾದನೆ ಹೆಚ್ಚಾದಾಗ, ಮಿಕ್ಕ ವಿದ್ಯುತ್ತು ಸಮುದಾಯ ಭವನದಂಥ ಕಟ್ಟಡಗಳ ಹೀಟರುಗಳಿಗೆ ಹರಿಯುತ್ತದೆ.

ಈಗ ಕರ್ನಾಟಕಕ್ಕೆ ಬನ್ನಿ. ಇಲ್ಲಿ ನೀರಾವರಿ ಪಂಪ್‌ಸೆಟ್‌ಗಳೇ 30 ಲಕ್ಷಕ್ಕೂ ಹೆಚ್ಚು. ರಾಜ್ಯದ ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗದಷ್ಟು ಅವಕ್ಕೇ ಬೇಕು. ತಲಾ 5 ಎಚ್‌ಪಿ ಎಂದು ಹಿಡಿದರೂ ಎಲ್ಲವೂ ಒಟ್ಟಿಗೆ ತಿರುಗಿದರೆ 11,000 ಮೆಗಾವ್ಯಾಟ್ ದಾಟುತ್ತದೆ. 13,000 ಎಕರೆಯಲ್ಲಿ ಹರಡಿರುವ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದು. ಅಂಥವು ಐದಿದ್ದರೂ ಸಾಲದು! ಅದಕ್ಕೇ ತ್ರೀ ಫೇಸ್ ಕರೆಂಟನ್ನು ಬ್ಯಾಚ್ ಮಾಡಿ ಕೊಡುವುದು. ಒಂದು ಬ್ಯಾಚಿನ ಪಾಲಿಗೆ ನಡುರಾತ್ರಿ ಬರುವುದು. ಹಾವು, ಕಾಡುಹಂದಿ ಓಡಾಡುವ ಕತ್ತಲಲ್ಲಿ ಟಾರ್ಚು ಹಿಡಿದು ಮಡೆ ತಿರುವುವವರ ಕಷ್ಟ ಯಾವ ಲೆಕ್ಕಪಟ್ಟಿಯಲ್ಲೂ ಬರುವುದಿಲ್ಲ.

ಬಿಸಿಲಿನ ವಿದ್ಯುತ್ತಿನಲ್ಲಿ ಮೋಟಾರು ಯಾವ ಹೊತ್ತಿಗೆ ಓಡಬೇಕು ಎಂಬ ಪ್ರಶ್ನೆಗೆ ಎಷ್ಟು ಬೆಲೆಯಿದೆ ಎಂಬುದನ್ನು, ತನ್ನದೇ ಸೋಲಾರ್ ಮೈಕ್ರೋಗ್ರಿಡ್ ಇರುವ ಒಂದು ಊರಿನ ಮಟ್ಟದಲ್ಲಿ ಲೆಕ್ಕ ಹಾಕಿ ನೋಡೋಣ. ನೂರು ಮನೆ, ನಲವತ್ತು ಮೋಟಾರು. ಸಂಜೆ ಮನೆಗೆ 200 ವ್ಯಾಟ್‌ನಂತೆ ಐದು ಗಂಟೆಗೆ ಬೇಕಾಗುವುದು 100 ಯೂನಿಟ್. ಮೋಟಾರುಗಳು ರಾತ್ರಿ ಆರು ಗಂಟೆ ಓಡಿದರೆ ಸುಮಾರು 900 ಯೂನಿಟ್. ಎರಡನ್ನೂ ಬ್ಯಾಟರಿಯಿಂದಲೇ ಕೊಡಬೇಕಾದರೆ 1,000 ಯೂನಿಟ್ ಕೂಡಿಡಬೇಕು. ಅವೇ ಮೋಟಾರು, ಅದೇ ಆರು ಗಂಟೆ, ಬಿಸಿಲಿರುವಾಗ ಓಡಲಿ: ಬ್ಯಾಟರಿ 100 ಯೂನಿಟ್‌ನದಾದರೆ ಸಾಕು. ಒಂದು ತೊಟ್ಟು ನೀರೂ ಕಡಿಮೆಯಾಗದೆ ಬ್ಯಾಟರಿ ಹತ್ತನೇ ಒಂದಕ್ಕೆ ಇಳಿಯಿತು.

ಕೃಷಿ ಹೊಂಡವಿದ್ದರಂತೂ ಇನ್ನೂ ಸಲೀಸು. ಒಂದು ಲಕ್ಷ ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು, ಪಂಪಿನ ದಕ್ಷತೆ ಅರ್ಧ ಎಂದುಕೊಂಡರೆ, ಸುಮಾರು 55 ಯೂನಿಟ್ ಬೇಕು. ಮಧ್ಯಾಹ್ನವೇ ಅದನ್ನು ಎತ್ತಿ ತುಂಬಿಸಿಟ್ಟ ಹೊಂಡ, ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಮಾಡುವಷ್ಟು ಕೆಲಸವನ್ನು ಮಾಡಿ ಮುಗಿಸಿರುತ್ತದೆ.

ತೊಡಕಿರುವುದು ಸ್ಟಾರ್ಟರ್ ಪೆಟ್ಟಿಗೆಯಲ್ಲಿ. ಎಲ್ಲರದೂ ಆಟೋದಲ್ಲಿರುತ್ತದೆ, ಕರೆಂಟು ಬಂದ ಕ್ಷಣ ಎಲ್ಲ ಮೋಟಾರೂ ಒಮ್ಮೆಲೇ ಏಳುತ್ತವೆ. ಏಳುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನದರ ಐದಾರು ಪಟ್ಟು. ದೊಡ್ಡ ಗ್ರಿಡ್ ಹೇಗೋ ತಡೆದುಕೊಳ್ಳುತ್ತದೆ. ಊರಿನ ಇನ್‌ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಆ ಕೆಲವು ಸೆಕೆಂಡುಗಳಿಗಾಗಿ ಐದಾರು ಪಟ್ಟು ದೊಡ್ಡ ಇನ್‌ವರ್ಟರ್ ಕೊಳ್ಳಬೇಕಿಲ್ಲ. ಸ್ಟಾರ್ಟರಿಗೊಂದು ಟೈಮರ್ ಕೂಡಿಸಿ, ಒಂದೊಂದು ನಿಮಿಷ ಬಿಟ್ಟು ಎಬ್ಬಿಸಿದರಾಯಿತು. ಮೊದಲ ಮೋಟಾರು ಬೆಳಿಗ್ಗೆ 9ಕ್ಕೆ ಶುರುವಾದರೆ ನಲವತ್ತನೆಯದರ ಸರದಿ 9.39ಕ್ಕೆ.