ಸಿಹಿನೀರಿನ ಬೂತಾಯಿ: ತಾಲ್ ಸರೋವರದ ತವಿಲಿಸ್ ಮೀನಿನ ಬಗ್ಗೆ ಸಾರ್ವಜನಿಕ ಮಾಹಿತಿ

ನಮ್ಮ ಕರಾವಳಿಯ ಬೂತಾಯಿ ಮೀನು ಸೇರಿರುವ ಸಾರ್ಡಿನೆಲ್ಲ ಕುಲದ ಮೀನುಗಳು ಸಮುದ್ರವಾಸಿಗಳು. ಇದಕ್ಕೆ ಅಪವಾದವಾಗಿರುವುದು ತವಿಲಿಸ್ ಎಂಬ ಒಂದೇ ಪ್ರಭೇದ. ಫಿಲಿಪ್ಪೀನ್ಸ್ ದೇಶದ ಬಟಾಂಗಾಸ್ ಪ್ರಾಂತ್ಯದ ತಾಲ್ ಸರೋವರದಲ್ಲಿ ಮಾತ್ರ ಕಂಡುಬರುವ ಈ ಮೀನು ತನ್ನ ಇಡೀ ಜೀವಿತವನ್ನು ಸಿಹಿನೀರಿನಲ್ಲಿಯೇ ಕಳೆಯುತ್ತದೆ. 1927ರಲ್ಲಿ ಆಲ್ಬರ್ಟ್ ಹೆರ್ರೆ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದರು.

ಸುಮಾರು 234 ಚದರ ಕಿ.ಮೀ. ವಿಸ್ತೀರ್ಣದ ಈ ಸರೋವರದ ನಡುವೆ ಜೀವಂತ ಜ್ವಾಲಾಮುಖಿಯಿದ್ದು, ಅದು 2020ರ ಜನವರಿಯಲ್ಲಿಯೂ ಸ್ಫೋಟಿಸಿತು. ಹಿಂದೆ ಸರೋವರವು ಸಮುದ್ರದೊಂದಿಗೆ ಕೂಡಿಕೊಂಡಿತ್ತು. 1754ರ ಭಾರಿ ಸ್ಫೋಟದ ತರುವಾಯ ಪನ್ಸಿಪಿಟ್ ಎಂಬ ಕಿರಿದಾದ ನದಿಯಷ್ಟೇ ಸಂಪರ್ಕವಾಗಿ ಉಳಿದು, ಮಳೆನೀರಿನಿಂದ ಸರೋವರವು ಕ್ರಮೇಣ ಸಿಹಿಯಾಯಿತು.

ಗೇಣುದ್ದವೂ ಇರದ ತವಿಲಿಸ್, ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು ತಿಂದು ಹಿಂಡಾಗಿ ಬದುಕುತ್ತದೆ. ಹುರಿದ, ಒಣಗಿಸಿದ ಹಾಗೂ ಹೊಗೆ ಹಾಕಿದ ತವಿಲಿಸ್ ಅಲ್ಲಿನ ಜನರ ಅಚ್ಚುಮೆಚ್ಚಿನ ಆಹಾರ. ದಡದ ಬಡ ಮೀನುಗಾರರಿಗೆ ಇದೇ ಜೀವನೋಪಾಯ. ಆದ್ದರಿಂದಲೇ ಇದರ ರಕ್ಷಣೆ ಸುಲಭದ ಕೆಲಸವಲ್ಲ. ಮಿತಿಮೀರಿದ ಹಿಡುವಳಿ, ಮೋಟಾರು ದೋಣಿಗಳ ಅಕ್ರಮ ಬಲೆಗಳು, ಪಂಜರ ಮೀನು ಕೃಷಿಯಲ್ಲಿ ಉಳಿಯುವ ಆಹಾರದಿಂದ ಕೆಡುವ ನೀರು, ಹೊರಗಿನಿಂದ ಬಂದ ಮೀನುಗಳು - ಇವೆಲ್ಲ ಸೇರಿ ಇದರ ಸಂಖ್ಯೆ ತೀವ್ರವಾಗಿ ಇಳಿದಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ತನ್ನ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಿರುವ ಸಂಗತಿ 2019ರ ಆರಂಭದಲ್ಲಿ ಸಾರ್ವಜನಿಕರ ಗಮನಕ್ಕೆ ಬಂದಿತು. ಅದೇ ವರ್ಷದಿಂದ, ಸಂತಾನೋತ್ಪತ್ತಿಯ ಅವಧಿಯಾದ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ತವಿಲಿಸ್ ಹಿಡಿಯುವುದನ್ನು ನಿಷೇಧಿಸಲಾಗಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸುವ ಉದ್ದೇಶವೂ ಇದಕ್ಕೆ ಹತ್ತಿರವಾದುದೇ.

ಎರಡು ತಿಂಗಳ ವಿರಾಮವೊಂದೇ ಸಾಕಾಗಲಾರದು. ಬಲೆಯನ್ನು ತಡೆಯಬಹುದು, ಒಮ್ಮೆ ನೀರಿಗಿಳಿದು ಮರಿ ಮಾಡಿದ ಹೊರಗಿನ ಮೀನನ್ನು ಮರಳಿ ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ.

ಕೆರೆ ಗುತ್ತಿಗೆ, ಜಲಾಶಯದ ಮೀನುಗಾರಿಕೆ ಪರವಾನಗಿ ಅಥವಾ ಪಂಜರ ಕೃಷಿಗಾಗಿ ಅರ್ಜಿ ಸಲ್ಲಿಸುವವರು ಇದನ್ನು ಗಮನಿಸತಕ್ಕದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯು ಭಾರತದಲ್ಲಿ ನಿಷೇಧಿತವಾಗಿದೆ. ಬಿತ್ತನೆ ಮಾಡಲು ಉದ್ದೇಶಿಸಿರುವ ಮೀನಿನ ತಳಿಯ ಬಗ್ಗೆ ಸಂದೇಹವಿದ್ದಲ್ಲಿ, ಮರಿಗಳನ್ನು ಖರೀದಿಸುವ ಮುನ್ನವೇ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದಾಗಿದೆ.